ಮರಳಿ ಬಂದ ಸದಾರಮೆ

ನಮ್ಮ ತಾಯಿಯವರಿಗೆ ಈಗ 84 ವರ್ಷ ವಯಸ್ಸು. ದೃಷ್ಟಿಯು ಮಂದವಾಗಿದೆ, ಕಿವಿ ಮಾತ್ರ ಇನ್ನೂ ಚುರುಕಾಗಿದೆ. ಮನೆಯಿಂದ ಹೊರಗೆ ಹೋಗಬೇಕೆಂದು ಅವರು ತಾವಾಗಿ ಬಾಯಿಬಿಟ್ಟು ಕೇಳಿ ನಾಲ್ಕೈದು ವರ್ಷಗಳಾಗಿದ್ದುವು. ಹೀಗಿರಲು, ಕಳೆದ ಮಾಘಮಾಸದ ಒಂದು ಬೆಳಗ್ಗೆ ವೃತ್ತಪತ್ರಿಕೆಯ ಮಡಿಕೆಯೊಳಗಿಂದ ಬಿದ್ದ ಕರಪತ್ರವೊಂದನ್ನು ನಾವು ಗಟ್ಟಿಯಾಗಿ ಓದುತ್ತಿದ್ದೆವು. ಅದರಲ್ಲಿ 'ಸದಾರಮೆ' ಎಂಬ ಹೆಸರು ಬಂದೊಡನೆಯೆ ಅವರು ಕೈಯಲ್ಲಿದ್ದ ಹೂಬತ್ತಿಯನ್ನು ತಟ್ಟೆಯಲ್ಲಿಟ್ಟು, "ನನ್ನ ಕರಕೊಂಡು ಹೋಗ್ತೀಯೇನಪ್ಪಾ?" ಎಂದರು. ಇಲ್ಲವೆನ್ನುವುದು ಹೇಗೆ? ಆ ಭಾನುವಾರ ಸಂಜೆ ತಾಯಿಯವರು, ನಾವು ದಂಪತಿಗಳು, ರಜೆಗೆಂದು ಬಂದಿದ್ದ ನಮ್ಮ ಮಗಳ ಮಗಳಾದ ಎಂಟು ವರ್ಷದ ಹುಡುಗಿ, ಇಷ್ಟು ಜನ ಆಟೋರಿಕ್ಷಾದಲ್ಲಿ ತುಮಕೂರಿನ ಒಂದು ಸಭಾಭವನಕ್ಕೆ ಹೋದೆವು. ಆ ಸಂಜೆ ನಡೆದುದನ್ನೂ, ಆ ಮೇಲೆ ನಮ್ಮ ಮನಸ್ಸಿಗೆ ತೋರಿದುದನ್ನೂ ವಾಚಕರ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ.

ಸದಾರಮೆಯನ್ನು ಅರಿಯದ ಕಿರಿಯರಿಗಾಗಿ ಎರಡು ಮಾತು ಹೇಳಬೇಕು. ರಾಜಕುಮಾರನೊಬ್ಬನು ವರ್ತಕನೊಬ್ಬನ ಮಗಳನ್ನು ಮೆಚ್ಚುತ್ತಾನೆ. ಹುಡುಗಿಯ ತಂದೆ ಮಹಾಲೋಭಿ. ಮಗಳನ್ನು ಕೊಡಬೇಕಾದರೆ ರಾಜ್ಯವನ್ನೇ ತನಗೆ ಬರೆದುಕೊಡಬೇಕೆನ್ನುತ್ತಾನೆ. ಹೀಗೆ ರಾಜ್ಯವನ್ನು ತೆತ್ತು ಮದುವೆಯಾದ ದಂಪತಿಗಳು ಬೀದಿಪಾಲಾಗುತ್ತಾರೆ, ಅಗಲುತ್ತಾರೆ. ಆ ಹೆಣ್ಣು ಒಬ್ಬ ಕಳ್ಳನ ಕೈಗೆ ಸಿಕ್ಕಿ, ಬುದ್ಧಿಬಲದಿಂದ ಅವನಿಂದ ಪಾರಾಗಿ, ಗಂಡುವೇಷ ಧರಿಸಿ ಬದುಕಿ, ಕೊನೆಗೆ ಚದುರಿಹೋದವರನ್ನೆಲ್ಲ ಒಂದುಗೂಡಿಸುತ್ತಾಳೆ. ಪುರಾಣದ ಕಥೆಯಲ್ಲ, ದೇವತೆಗಳು ಆಕಾಶದಿಂದ ಇಳಿದು ಬಂದು ಯಾರನ್ನೂ ಕಾಪಾಡುವುದಿಲ್ಲ. ಬಹುಶಃ ಅದಕ್ಕಾಗಿಯೇ ನಮ್ಮ ಗೃಹಿಣಿಯರಿಗೆ ಅದು ಅಷ್ಟು ಪ್ರಿಯವಾಯಿತು.

ಈ ಕಥೆಯನ್ನು ಕರ್ಣಾಟಕದ ಮನೆಮಾತಾಗಿ ಮಾಡಿದವರಲ್ಲಿ ಮೊದಲು ಹೇಳತಕ್ಕವರು ಗುಬ್ಬಿ ವೀರಣ್ಣನವರು. ನಮ್ಮ ತುಮಕೂರಿಗೆ ಸುಮಾರು 20 ಕಿಲೋಮೀಟರು ದೂರದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಮಂಡಳಿಯನ್ನು, 1891ರಲ್ಲಿ ಹುಟ್ಟಿದ ವೀರಣ್ಣನವರು ಬಾಲನಟರಾಗಿ ಸೇರಿ, ಮುಂದೆ ಅದರ ಒಡೆಯರೇ ಆದರು, 1972ರಲ್ಲಿ ಕಾಲವಾದರು. 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದ ಸಾಹಸಿಗಳು ಅವರು. ಸದಾರಮೆಗಾದರೋ ಆನೆಯು ಬೇಕಾಗಿರಲಿಲ್ಲ. ಅದರಲ್ಲಿ ಕಳ್ಳನ ವೇಷದಲ್ಲಿ ಅವರೊಬ್ಬರು ಬಂದು ನಿಂತರೆ ಸಾಕಾಗಿತ್ತು. ಕನ್ನಡದಲ್ಲಿ ವಾಕ್ಚಿತ್ರಗಳು ಪ್ರಾರಂಭವಾದ ಮರುವರ್ಷವೇ, ಎಂದರೆ 1935ರಲ್ಲಿ, ಈ ಕಥೆಯು ಚಲನಚಿತ್ರವಾಯಿತು. 1956ರಲ್ಲಿ ಮತ್ತೊಮ್ಮೆ ಆಯಿತು. ಆದರೆ ನಾಟಕವನ್ನು ಕಂಡವರು ಚಿತ್ರವನ್ನು ಲೆಕ್ಕಕ್ಕೆ ತಂದುಕೊಳ್ಳುತ್ತಿರಲಿಲ್ಲ.

ನಮ್ಮ ತಾಯಿಯವರು ಅದನ್ನು ನೋಡಿದ್ದು 1952ರಲ್ಲಿ, ತಿಪಟೂರಿನಲ್ಲಿ ಡೇರೆ ಹಾಕಿದ್ದ ಒಂದು ಕಂಪನಿಯಲ್ಲಿ. ಆಗ ಅವರು ಹನ್ನೆರಡು ವರ್ಷದ ಬಾಲೆ. ಕೊಬ್ಬರಿ ಮಾರುವುದಕ್ಕೆಂದು ನಮ್ಮ ಮಾತಾಮಹರು ಗಾಡಿ ಕಟ್ಟಿಸಿದಾಗ ಮನೆಯ ಹೆಂಗಸರು ಮಕ್ಕಳೆಲ್ಲ ಹತ್ತಿ ಕುಳಿತರಂತೆ. ಕೊಬ್ಬರಿಗೆ ಒಳ್ಳೆಯ ಬೆಲೆ ಬಂದುದರಿಂದ ಅಜ್ಜನವರು ಗಂಡಸರಿಗೆ ಬೆಂಚನ್ನೂ, ಹೆಂಗಸರಿಗೆ ಕುರ್ಚಿಯನ್ನೂ ಕೊಡಿಸಿದರಂತೆ. ಆ ಮನೆಯಲ್ಲಿ ಅದೊಂದು ಐತಿಹಾಸಿಕ ಘಟನೆ! ರಾತ್ರಿ ಊಟದ ಹೊತ್ತು ಕಳೆದ ಮೇಲೆ ಆರಂಭವಾದ ಆಟ ಮಂಗಳ ಹಾಡುವಾಗ ಕೋಳಿ ಕೂಗಿತ್ತು. ಬಾಗಿಲಲ್ಲಿ ಹಾಡಿನ ಪುಸ್ತಕ ಮಾರುತ್ತಿದ್ದರು. ಅಜ್ಜನವರು ಅದನ್ನೂ ಕೊಂಡರು. ಮರುದಿನದಿಂದ ರಾಗಿ ಬೀಸುವಾಗ ಅತ್ತಿಗೆ ನಾದಿನಿಯರು ಎದುರುಬದುರು ಕುಳಿತು ಆ ಹಾಡುಗಳನ್ನು ನೆನೆಸಿಕೊಂಡು ಹಾಡುವರು. ಅಕ್ಷರ ಬಂದವಳು ಪುಸ್ತಕ ನೋಡಿ ಸಾಲು ಹೇಳುವಳು. ಮಟ್ಟು ನೆನಪಿದ್ದವಳು ಎತ್ತಿಕೊಡುವಳು. ನಮ್ಮನ್ನು ತೊಟ್ಟಿಲಲ್ಲಿ ತೂಗಿದ್ದೂ ಆ ಮಟ್ಟುಗಳಿಂದಲೇ. ಪುಸ್ತಕವು ಎಂದೋ ಹುಳು ತಿಂದು ಹೋಯಿತು. ಅತ್ತಿಗೆಯರು ಒಬ್ಬೊಬ್ಬರಾಗಿ ತೀರಿಕೊಂಡರು.

ಇಲ್ಲಿ ನಾವೊಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕಾಗಿದೆ. ಕಾಲೇಜಿನಲ್ಲಿ ಸಂಸ್ಕೃತವನ್ನು ಅಭ್ಯಾಸ ಮಾಡುತ್ತಿದ್ದ ದಿನಗಳಲ್ಲಿ ನಾವು ಕಂಪನಿ ನಾಟಕಗಳೆಂದರೆ ಮೂಗು ಮುರಿಯುತ್ತಿದ್ದೆವು. ಕಾಳಿದಾಸ ಭವಭೂತಿಗಳನ್ನು ಓದಿದವರಿಗೆ, ಸತ್ತು ಬಿದ್ದ ಪಾತ್ರವು ಜನರು 'ಒನ್ಸ್ ಮೋರ್' ಎಂದು ಕೂಗಿದೊಡನೆ ಎದ್ದು ಕುಳಿತು ಹಾಡಿ, ಪುನಃ ಮಲಗಿ ಸಾಯುವುದಕ್ಕಿಂತ ಹಾಸ್ಯಾಸ್ಪದವು ಮತ್ತೇನಿದ್ದೀತು? ಸ್ನೇಹಿತರ ನಡುವೆ ಇದನ್ನು ಅಭಿನಯಿಸಿ ತೋರಿಸಿ ನಗಿಸಿದ್ದೂ ಉಂಟು. ತಾಯಿಯವರು ಅಡಿಗೆಮನೆಯಲ್ಲಿ ಹಾಡುತ್ತಿದ್ದರೆ, ಓದಿಗೆ ಅಡ್ಡಿಯೆಂದು ಬಾಗಿಲು ಹಾಕಿಕೊಂಡಿದ್ದೂ ಉಂಟು. ಅವರು ಏನನ್ನೂ ಅನ್ನಲಿಲ್ಲ. ಕ್ರಮೇಣ ಹಾಡುವುದನ್ನು ಕಡಮೆ ಮಾಡಿದರು, ಅಷ್ಟೆ. ಆದುದರಿಂದ ಆ ಭಾನುವಾರ ನಾವು ಹೋದದ್ದು ನಾಟಕ ನೋಡುವುದಕ್ಕೆ ಮಾತ್ರವಲ್ಲ.

ಸಭಾಭವನವು ತುಂಬಿತ್ತು. ಟಿಕೀಟು ತಲೆಗೆ 200 ರೂಪಾಯಿ. ನಮ್ಮ ತಾಯಿಯವರಂಥ ವೃದ್ಧರನ್ನು ಮಕ್ಕಳು ಮೊಮ್ಮಕ್ಕಳು ಕೈಹಿಡಿದು ಕರೆತಂದು ಕೂರಿಸುತ್ತಿದ್ದ ನೋಟ ಕಣ್ಣಿಗೆ ಹಬ್ಬವಾಗಿತ್ತು. ಒಬ್ಬ ಮುದುಕರು ಹಳೆಯ ಜರಿಪೇಟವನ್ನು ಸುತ್ತಿಕೊಂಡು ಬಂದಿದ್ದರು. ಆರೂವರೆಗೆ ದೀಪಗಳು ಆರಿದುವು. ನಾಂದಿಯು ಆರಂಭವಾಯಿತು. ತಾಯಿಯವರು ಕೈಮುಗಿದುಕೊಂಡರು. ಆದರೆ ಸ್ವಲ್ಪ ಹೊತ್ತಿನಲ್ಲಿಯೇ ಅವರು ನಮ್ಮ ಕಡೆಗೆ ಬಾಗಿ, "ಪೆಟ್ಟಿಗೆಯವನು ಎಲ್ಲಿ ಕೂತಿದಾನೆ?" ಎಂದು ಕೇಳಿದರು. ಪೆಟ್ಟಿಗೆಯೆಂದರೆ ಹಾರ್ಮೋನಿಯಂ. ನಾವು ರಂಗದ ಎಡಬಲಗಳನ್ನೆಲ್ಲ ನೋಡಿದೆವು. ಅಲ್ಲಿ ಹಾರ್ಮೋನಿಯಂ ಇರಲಿಲ್ಲ, ತಬಲವೂ ಇರಲಿಲ್ಲ. ಸಂಗೀತವೆಲ್ಲ ಮೊದಲೇ ಮುದ್ರಿಸಿಟ್ಟದ್ದು. ಹಿಂದೆ ಕುಳಿತ ಒಬ್ಬ ಹುಡುಗನು ಗುಂಡಿ ಒತ್ತಿದರೆ ನಾಲ್ಕು ಮೂಲೆಗಳಿಂದ ಮೊಳಗುವಂಥದು. ಕೆಲವು ಹಾಡುಗಳಿಗೆ ನಟರು ಧ್ವನಿ ಕೂಡಿಸುತ್ತಿದ್ದರು, ಕೆಲವಕ್ಕೆ ತುಟಿಯಾಡಿಸುತ್ತಿದ್ದರು.

ಮಿಕ್ಕುದನ್ನು ಬೇಗ ಹೇಳಿಬಿಡುತ್ತೇವೆ. ಬರೆದ ಪರದೆಗಳ ಬದಲಿಗೆ ದೊಡ್ಡದೊಂದು ಬೆಳಕಿನ ತೆರೆಯಿದ್ದು ಅದರಲ್ಲಿ ಅರಮನೆ ಅಡವಿಗಳು ಚಲಿಸುತ್ತಿದ್ದುವು. ವೇಷಭೂಷಣಗಳು ಚೆನ್ನಾಗಿದ್ದುವು. ಇಡೀ ನಾಟಕವು ವಿರಾಮವಿಲ್ಲದೆ ಎರಡು ಗಂಟೆಗೆ ಇಳಿದಿತ್ತು. ನಾವು ಎಣಿಸಿದಂತೆ ಹಾಡುಗಳು ಒಂಬತ್ತು.

ಕಳ್ಳನ ದೃಶ್ಯವು ಬಂದಾಗ ಮಾತ್ರ ಸಭೆಯಲ್ಲಿ ಜೀವ ಬಂದಿತು. ಆ ಪಾತ್ರ ವಹಿಸಿದ ಯುವಕನು ಬಲು ಚುರುಕು. ಅವನ ನಡಿಗೆಯನ್ನು ಕಂಡೇ ನಮ್ಮ ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ಅವನ ಹಾಡು ಮುಗಿಯುತ್ತಲೇ ಜರಿಪೇಟದ ಮುದುಕರು ಎದ್ದು ನಿಂತು ಕೈಯೆತ್ತಿ, "ಒನ್ಸ್ ಮೋರ್!" ಎಂದು ಕೂಗಿದರು. ಅಲ್ಲಲ್ಲಿ ಇನ್ನೂ ಹತ್ತಿಪ್ಪತ್ತು ಕಂಠಗಳು ಕೂಡಿಕೊಂಡುವು. ಬಹುಕಾಲದ ಮೇಲೆ ಕೇಳಿದ ಆ ಕೂಗಿಗೆ ನಮಗೂ ಮೈ ನವಿರೆದ್ದಿತು. ನಟನು ನಿಂತನು. ಅವನ ಮುಖದಲ್ಲಿ ಸಂತೋಷವು ಸ್ಪಷ್ಟವಾಗಿ ಕಂಡಿತು. ಬಾಯನ್ನೂ ತೆರೆದನು. ಅಷ್ಟರಲ್ಲಿ ಮುಂದಿನ ದೃಶ್ಯದ ಸಂಗೀತವು ತಾನಾಗಿ ಮೊಳಗಿತು; ಅಡವಿ ಹೋಗಿ ಊರಬಾಗಿಲು ಬಂದಿತು. ಅವನು ಒಮ್ಮೆ ನೇಪಥ್ಯದ ಕಡೆಗೂ ಒಮ್ಮೆ ಜನರ ಕಡೆಗೂ ನೋಡಿ, ಏನು ಮಾಡಲೂ ತೋರದೆ ಒಳಗೆ ಸರಿದನು. ಹಿಂದಿನ ಸಾಲುಗಳಲ್ಲಿ ಯಾರೋ ನಕ್ಕರು. ಪೇಟದ ಮುದುಕರು ಸುತ್ತಲೂ ನೋಡಿ, ನಿಧಾನವಾಗಿ ಕುಳಿತುಕೊಂಡರು. ಆ ಮೇಲೆ ಆ ಸಂಜೆ ಯಾರೂ ಒಂದು ಶಬ್ದವನ್ನೂ ಎತ್ತಲಿಲ್ಲ.

ಹಿಂದಿನ ಕಂಪನಿಗಳಲ್ಲಿ ಕಾಲು ಹಾರ್ಮೋನಿಯಂ ಎಂಬ ವಾದ್ಯವಿರುತ್ತಿತ್ತು. ಅದರ ತಿದಿಯನ್ನು ಕಾಲಿನಿಂದ ಒತ್ತುವುದರಿಂದ ನುಡಿಸುವವನ ಎರಡು ಕೈಗಳೂ ಮನೆಗಳ ಮೇಲೆ ಆಡಲು ಬಿಡುವಾಗಿರುತ್ತಿದ್ದುವು. ಕಣ್ಣುಗಳಂತೂ ಸದಾ ನಟನ ಮುಖದ ಮೇಲೆಯೇ. ನಟನು ಒಂದು ಸ್ವರದ ಮೇಲೆ ನಿಂತರೆ ಪೆಟ್ಟಿಗೆಯೂ ನಿಲ್ಲುವುದು. ಮೇಲೆ ಹಾರಿದರೆ ಅದೂ ಹಾರುವುದು. ಗಂಟಲು ಒಡೆಯಿತೆ? ಪೆಟ್ಟಿಗೆಯು ಮುಂದೆ ಬಂದು ಅದನ್ನು ಮುಚ್ಚಿಕೊಳ್ಳುವುದು. ಜನರು ಮತ್ತೊಮ್ಮೆ ಬೇಕೆಂದರೆ ನಟನೂ ವಾದ್ಯದವನೂ ಕಣ್ಣಲ್ಲೇ ಮಾತನಾಡಿಕೊಂಡು, ಎರಡನೆಯ ಸಲ ಬೇರೆ ರೀತಿಯಲ್ಲಿ ಎತ್ತಿಕೊಳ್ಳುವರು. ಹೀಗೆ ಒಂದೊಂದು ಊರಿನ ಸದಾರಮೆಯೂ ಆಯಾ ಊರಿನವರು ಕೂಗಿ ಕೇಳಿ ಪಡೆದುಕೊಂಡದ್ದು. ಮುದ್ರಿತ ಸಂಗೀತದಲ್ಲಿಯಾದರೋ ನಟನು ಯಂತ್ರವನ್ನು ಹಿಂಬಾಲಿಸಬೇಕು. ಯಂತ್ರವು ಯಾರನ್ನೂ ನೋಡುವುದಿಲ್ಲ. ಶ್ರುತಿಯಲ್ಲಿ ಲೋಪವಿಲ್ಲ, ತಾಳ ತಪ್ಪುವುದಿಲ್ಲ. ಆದರೆ ಸಭೆಯಲ್ಲಿ ಕುಳಿತವರು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಆಗಿಬಿಡುತ್ತದೆ.

ಭರತಮುನಿಯು ನಾಟ್ಯಶಾಸ್ತ್ರದ 27ನೆಯ ಅಧ್ಯಾಯವನ್ನು ನಾಟಕದ ಸಿದ್ಧಿಯ ವಿಚಾರಕ್ಕೇ ಮೀಸಲಾಗಿಟ್ಟಿದ್ದಾನೆ. ಪ್ರಯೋಗವು ಸಿದ್ಧಿಸಿತೆಂಬುದನ್ನು ತಿಳಿಯುವುದು ಹೇಗೆ? ಪ್ರೇಕ್ಷಕರಿಂದಲೇ. ಅವರ ಮುಗುಳ್ನಗೆ, ದೊಡ್ಡ ನಗೆ, ಮೆಚ್ಚುಗೆಯ ಉದ್ಗಾರ, ಮರುಕದ ನುಡಿ, ಕೋಲಾಹಲ, ರೋಮಾಂಚ, ಆಸನದಿಂದ ಏಳುವುದು, ಬಟ್ಟೆ ಉಂಗುರಗಳನ್ನು ಕೊಡುವುದು ಇವನ್ನೆಲ್ಲ ಅಲ್ಲಿ ಲೆಕ್ಕಕ್ಕೆ ಹಿಡಿದಿದೆ. ನಾಟಕಕ್ಕೆ ಒದಗುವ ಘಾತಗಳನ್ನೂ ಹೇಳಿದೆ: ದೈವದಿಂದ ಬರುವುವು, ನಟರಿಂದಲೇ ಆಗುವುವು, ಹಗೆಗಳಿಂದ ಬರುವುವು. ಈ ಕೊನೆಯ ಬಗೆಯಲ್ಲಿ ಸಗಣಿ, ಮಣ್ಣುಹೆಂಟೆ, ಇರುವೆಗಳನ್ನು ರಂಗದ ಮೇಲೆ ಎಸೆಯುವುದೂ ಸೇರಿದೆ! ನಾವು ತರುಣರಾಗಿದ್ದಾಗ ಈ ಅಧ್ಯಾಯವನ್ನು ಪರೀಕ್ಷೆಗಾಗಿ ಓದಿ, ಅತ್ತ 'ಒನ್ಸ್ ಮೋರ್' ಎನ್ನುವವರನ್ನು ನಕ್ಕೆವಲ್ಲವೆ? ಎದ್ದು ನಿಂತ ಆ ಪೇಟದ ಮುದುಕರನ್ನು ಭರತನು ಕಂಡಿದ್ದರೆ ಸಿದ್ಧಿಯ ಗುರುತೆಂದೇ ಬರೆದುಕೊಳ್ಳುತ್ತಿದ್ದನು.

ಆಟ ಮುಗಿದ ಮೇಲೆ ಹೊರಗಿನ ಅಂಗಳದಲ್ಲಿ ಅಸಮಾಧಾನವು ಭುಗಿಲೆದ್ದಿತು. ಒಬ್ಬರು ಹಣ ದಂಡವಾಯಿತೆಂದರು. ಒಬ್ಬರು ಕನ್ನಡ ರಂಗಭೂಮಿಯೇ ಮುಳುಗಿತೆಂದರು. ಈಗಿನ ಹುಡುಗರಿಗೆ ಹಾಡುವುದೇ ಬಾರದೆಂದು ಮತ್ತೊಬ್ಬರು ತೀರ್ಪು ಕೊಟ್ಟರು. ಈ ಮಾತುಗಳಿಗೆ ನಮ್ಮ ಸಮ್ಮತಿಯಿಲ್ಲ. ಹಳೆಯದೆಂಬ ಒಂದೇ ಕಾರಣದಿಂದ ಒಂದು ಕೃತಿಯನ್ನು ತಲೆಯ ಮೇಲೆ ಹೊರಬೇಕೆ ಎಂಬ ಪ್ರಶ್ನೆಯನ್ನು ಕಾಳಿದಾಸನೇ ಮಾಲವಿಕಾಗ್ನಿಮಿತ್ರದ ಪ್ರಸ್ತಾವನೆಯಲ್ಲಿ ಎತ್ತಿದ್ದಾನೆ. ಕಂಪನಿ ನಾಟಕಗಳ ಹಾಸ್ಯದಲ್ಲಿ ಹೆಂಗಸರನ್ನೂ ಕುರೂಪಿಗಳನ್ನೂ ಹೀಯಾಳಿಸುವ ಮಾತುಗಳು ಬೇಕಾದಷ್ಟಿದ್ದುವು. ಅವನ್ನು ಈ ಯುವಕರು ತೆಗೆದುಹಾಕಿದ್ದು ಸರಿಯೇ ಆಯಿತು. ಇಡೀ ರಾತ್ರಿ ಕುಳಿತು ನೋಡುವ ಪುರಸತ್ತಾದರೂ ಈಗ ಯಾರಿಗಿದೆ? ಹಳೆಯದನ್ನು ಮರಳಿ ತರುವುದೇ ಅಸಾಧ್ಯವೆಂಬ ಮಾತೂ ಸಲ್ಲದು. ಬಾಲ್ಯದಲ್ಲಿ ವೀರಣ್ಣನವರ ಕಂಪನಿಯಲ್ಲಿ ಬೆಳೆದು, ಅವರ ನೆರವಿನಿಂದಲೇ ಕಾಶಿಗೆ ಹೋಗಿ ವಿದ್ಯಾಭ್ಯಾಸ ಮಾಡಿ ಬಂದ ಬಿ. ವಿ. ಕಾರಂತರು (1929–2002) ಆ ಹಾಡಿನ ಸಂಪ್ರದಾಯವನ್ನು ಹೊಸ ನಾಟಕಗಳೊಳಕ್ಕೆ ತಂದು ತುಂಬಿದರು. ಪು. ತಿ. ನರಸಿಂಹಾಚಾರ್ಯರ 'ಗೋಕುಲ ನಿರ್ಗಮನ'ವು ಅವರ ಕೈಯಲ್ಲಿ ರಂಗದ ಮೇಲೆ ಹಾಡಿತು. ಇದೇ ಸದಾರಮೆಯನ್ನು ವೀರಣ್ಣನವರ ಮೊಮ್ಮಗಳಾದ ಬಿ. ಜಯಶ್ರೀಯವರು ತಮ್ಮ ತಂಡದಿಂದ ಪುನಃ ಆಡಿ, ತಾತನವರ ಕಳ್ಳನ ವೇಷವನ್ನು ತಾವೇ ಹಾಕಿ ಜನರನ್ನು ಗೆದ್ದರು. ಹೆಂಗಸು ಕಳ್ಳನಾದದ್ದಕ್ಕೆ ಯಾರೂ ಬೇಸರಪಡಲಿಲ್ಲ. ಕಂಠವಿತ್ತು, ಎದುರಿಗೆ ಜನರಿದ್ದರು, ನಡುವೆ ಯಾವ ಯಂತ್ರವೂ ಇರಲಿಲ್ಲ.

ಇಷ್ಟೆಲ್ಲ ಗದ್ದಲದ ನಡುವೆ ನಮ್ಮ ತಾಯಿಯವರು ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದರು. "ಹೇಗಿತ್ತಮ್ಮಾ?" ಎಂದು ನಮ್ಮ ಪತ್ನಿಯು ಕೇಳಿದ್ದಕ್ಕೆ, "ಚೆನ್ನಾಗಿತ್ತು ಕಣಮ್ಮ. ಹಾಡಲಿಲ್ಲ, ಅಷ್ಟೇ," ಎಂದರು.

ಅಷ್ಟರಲ್ಲಿ ಮುಖದ ಬಣ್ಣವನ್ನು ಅರ್ಧ ಒರಸಿಕೊಂಡ ಯುವಕನೊಬ್ಬನು ಬಂದು ನಮ್ಮ ಕಾಲಿಗೆ ನಮಸ್ಕರಿಸಿದನು. ಅವನೇ ಕಳ್ಳ! ಹದಿನೈದು ವರ್ಷಗಳ ಹಿಂದೆ ನಮ್ಮಲ್ಲಿ ಒಂಬತ್ತನೆಯ ತರಗತಿಯಲ್ಲಿ ಓದಿದವನು. ಶಬ್ದರೂಪಗಳನ್ನು ಎಂದೂ ನೆಟ್ಟಗೆ ಒಪ್ಪಿಸಿದವನಲ್ಲ. ಈಗ ಕಾರ್ಖಾನೆಯೊಂದರಲ್ಲಿ ನೌಕರಿ. ಸುತ್ತಲಿನ ಟೀಕೆಗಳೆಲ್ಲ ಅವನ ಕಿವಿಗೆ ಬಿದ್ದಿದ್ದುವು.

"ತಪ್ಪು ನಮ್ಮದೇ ಮೇಷ್ಟ್ರೇ," ಎಂದನು. "ಆದ್ರೆ ಏನ್ ಮಾಡೋಣ ಹೇಳಿ. ಹದಿನೆಂಟು ಜನ ಇದೀವಿ, ಎಲ್ಲರಿಗೂ ಕೆಲಸ. ಪಾಳಿ ಮುಗಿಸಿ ರಾತ್ರಿ ಹೊತ್ತು ಅಭ್ಯಾಸ ಮಾಡಿದ್ದು. ಕಂಪನಿ ಮಟ್ಟು ಗೊತ್ತಿರೋ ಹಾರ್ಮೋನಿಯಂನವರು ಒಬ್ಬರು ಸಿಕ್ಕಿದ್ರು. ಅವರಿಗೆ ವಯಸ್ಸಾಗಿದೆ, ಒಂದೇ ದಿನ ಬಂದು ನುಡಿಸಿಕೊಟ್ಟು ಹೋದ್ರು. ಅದನ್ನೇ ಹಿಡಿದಿಟ್ಕೊಂಡ್ವಿ. ಒಂಬತ್ತಕ್ಕೆ ಸಭಾಭವನ ಬಿಟ್ಟುಕೊಡಬೇಕು. ಒಂದು ನಿಮಿಷ ಹೆಚ್ಚು ಕಡಿಮೆ ಆದ್ರೂ ಎಲ್ಲ ಕೆಡುತ್ತೆ."

ಈ ಲೆಕ್ಕಾಚಾರಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಹಿಂದಿನ ಕಂಪನಿಗಳಲ್ಲಿ ನಟರೂ ವಾದ್ಯದವರೂ ಅಡಿಗೆಯವರೂ ಒಂದೇ ಬಿಡಾರದಲ್ಲಿ ವರ್ಷಗಟ್ಟಲೆ ಜೊತೆಯಾಗಿ ಉಂಡು ಬಾಳುತ್ತಿದ್ದರು. ಆ ಬಾಳಿನಿಂದ ಬಂದ ಹೊಂದಿಕೆಯನ್ನು ಪಾಳಿಯ ಕೆಲಸದ ನಡುವೆ ಬಿಡುವು ಮಾಡಿಕೊಂಡು ಬಂದ ಈ ಹುಡುಗರಿಂದ ಕೇಳುವುದು ನ್ಯಾಯವಲ್ಲ. ಆದರೂ ನಾವು, "ಅವರು ಕೂಗಿದಾಗ ಹಾಡಬೇಕೆಂದು ನಿನಗೆ ಅನ್ನಿಸಲಿಲ್ಲವೆ?" ಎಂದು ಕೇಳಿದೆವು.

ಅವನು ತಲೆ ತಗ್ಗಿಸಿ, "ಅನ್ನಿಸ್ತು ಮೇಷ್ಟ್ರೇ. ಬಾಯಿ ತೆರೆದಿದ್ದೆ," ಎಂದನು.

ಕಟ್ಟೆಯ ಮೇಲಿದ್ದ ನಮ್ಮ ತಾಯಿಯವರು, "ನಾಳೆ ಮನೆಗೆ ಬಾಪ್ಪಾ. ಆ ಹಾಡಿನ ಎತ್ತುಗಡೆ ನೀನು ಹಾಡಿದ ಹಾಗಲ್ಲ," ಎಂದರು.

ಮರುದಿನ ಅವನು ಬರಲಿಲ್ಲ, ಪಾಳಿಯಿತ್ತಂತೆ. ಗುರುವಾರ ಸಂಜೆ ಬಂದನು. ಅಡಿಗೆಮನೆಯ ಬಾಗಿಲಲ್ಲಿ ತಾಯಿಯವರು ಗೋಡೆಗೆ ಒರಗಿ ಕುಳಿತಿದ್ದರು. ಅವನು ಎದುರಿಗೆ ಚಾಪೆಯ ಮೇಲೆ ಕುಳಿತು, ಮೊದಲು ಸಂಕೋಚದಿಂದ, ಕಳ್ಳನ ಹಾಡನ್ನು ಹೇಳಿದನು. ಅವರು ನಾಲ್ಕು ಕಡೆ ತಡೆದರು. ಒಂದು ಕಡೆ ಸ್ವರವು ಇಳಿಯಬೇಕಾದಲ್ಲಿ ಅವನು ಏರುತ್ತಿದ್ದನು. ಅದನ್ನು ಅವರು ಒಡೆದ ಕಂಠದಿಂದಲೇ ಹಾಡಿ ತೋರಿಸಿದರು. ನಾವು ಬಾಗಿಲು ಹಾಕಿಕೊಂಡು ಓದುತ್ತಿದ್ದ ದಿನಗಳ ಮೇಲೆ ಆ ಮಟ್ಟನ್ನು ಅವರ ಬಾಯಲ್ಲಿ ಪೂರ್ಣವಾಗಿ ಕೇಳಿದ್ದು ಅದೇ ಮೊದಲು. ಎರಡನೆಯ ಸಲ ಅವನು ಎದ್ದು ನಿಂತು, ಕಂಠ ಬಿಟ್ಟು ಹಾಡಿದನು. ಪಕ್ಕದ ಮನೆಯವರು ಕಿಟಕಿ ತೆರೆದರು. ಹಾಡು ಮುಗಿದಾಗ ನಮ್ಮ ಮೊಮ್ಮಗಳು, ಸಭಾಭವನದ ಮುದುಕರನ್ನು ಅನುಕರಿಸಿ, ಕೈಯೆತ್ತಿಕೊಂಡು, "ದೊಡ್ಡಜ್ಜಿ, ಒನ್ಸ್ ಮೋರ್ ಅನ್ನಲಾ?" ಎಂದಳು.

"ಅನ್ನು ಮಗಾ, ಗಟ್ಟಿಯಾಗಿ ಅನ್ನು," ಎಂದರು ಅವರು.

ಆ ಮೇಲಿನ ಗುರುವಾರಗಳಲ್ಲಿ ಅವನು ಭಜನಾಮಂದಿರದಿಂದ ಒಂದು ಕೈಹಾರ್ಮೋನಿಯಂ ತರುತ್ತಿದ್ದಾನೆ. ನುಡಿಸುವುದಕ್ಕೆ ತಂಡದ ಹುಡುಗಿಯೊಬ್ಬಳು ಕಲಿಯುತ್ತಿದ್ದಾಳೆ. ಈವರೆಗೆ ನಾಲ್ಕು ಹಾಡುಗಳ ಮಟ್ಟುಗಳು ಅವರ ಕೈಗೆ ಬಂದಿವೆ. ಐದನೆಯದು ಸದಾರಮೆಯು ಅಡವಿಯಲ್ಲಿ ಒಬ್ಬಳೇ ಹಾಡುವಂಥದು. ಅದರ ಮೊದಲನೆಯ ನುಡಿಯನ್ನು ತಾಯಿಯವರು ಹೇಳಿಕೊಟ್ಟಿದ್ದಾರೆ. ಎರಡನೆಯದು ತಮ್ಮ ಹಿರಿಯ ಅತ್ತಿಗೆಗೆ ಬರುತ್ತಿತ್ತೆಂದು ಹೇಳಿ, ದಿನವೂ ಹೂಬತ್ತಿ ಹೊಸೆಯುವಾಗ ನೆನೆಸಿಕೊಳ್ಳುತ್ತಿದ್ದಾರೆ.